ಅರಗಿನ ಮುದ್ರಿಕೆಗಳಲ್ಲಿ ಪಾಠಾಂತರ ವಿಚಾರ

ಒಂದೇ ಕಾವ್ಯದ ಎರಡು ಓಲೆಪ್ರತಿಗಳು ಸರ್ವಾಂಶದಲ್ಲಿಯೂ ಸಮನಾಗಿರುವುದು ಅಪೂರ್ವ. ಲಿಪಿಕಾರನು ಒಂದೆಡೆ ಅಕ್ಷರ ಬಿಟ್ಟಿರುತ್ತಾನೆ. ಇನ್ನೊಂದೆಡೆ ತನಗೆ ತಿಳಿಯದ ಮಾತನ್ನು ತಿಳಿದ ಮಾತಾಗಿ ತಿದ್ದಿರುತ್ತಾನೆ. ಇವನ್ನು ತೂಗಿ ನೋಡುವ ಕ್ರಮವನ್ನು ಡಿ. ಎಲ್. ನರಸಿಂಹಾಚಾರ್ಯರು ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವಿಶದಪಡಿಸಿರುವುದು ವಿದ್ವಜ್ಜನರಿಗೆ ವಿದಿತವೇ ಇದೆ. ಈ ಶಾಸ್ತ್ರವು ಓಲೆಗರಿಗಷ್ಟೇ ಅಲ್ಲ, ಗ್ರಾಮಫೋನಿನ ಪ್ಲೇಟಿಗೂ ಅನ್ವಯಿಸುತ್ತದೆಂದು ನನಗೆ ಹೊಳೆದುದು ಬಹಳ ತಡವಾಗಿ, ಅದೂ ಒಂದು ಅವಮಾನದ ಮೂಲಕ.

ಕಾರವಾರ, ಅಂಕೋಲೆಗಳ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಕೆಲವೆಡೆ ತಗಡಿನ ಪೆಟ್ಟಿಗೆಯೊಳಗೆ ಈ ಮುದ್ರಿಕೆಗಳು ದೊರೆಯುತ್ತವೆ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮುಂಬಯಿಯಿಂದ ಹೊರಟ ಆಗಬೋಟು ಕಾರವಾರದ ಬಂದರಕ್ಕೆ ಬರುತ್ತಿದ್ದ ಕಾಲದಲ್ಲಿ ಅರಿವೆ, ಔಷಧಿ, ಪತ್ರಿಕೆಗಳೊಡನೆ ಬಾಲಗಂಧರ್ವರ ನಾಟ್ಯಗೀತೆಗಳೂ ಅಬ್ದುಲ್ ಕರೀಂ ಖಾನರ ಠುಮರಿಗಳೂ ಇಳಿದವು. ಮಳೆಗಾಲದಲ್ಲಿ ಆಗಬೋಟು ನಿಲ್ಲುತ್ತಿತ್ತು; ಇದ್ದ ಪ್ಲೇಟುಗಳನ್ನೇ ತಿರುತಿರುಗಿ ಹಾಕಿ ಸವೆಸಬೇಕು. ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕಿ ಮಳೆ ಬೀಳುವ ಈ ಕರಾವಳಿಯಲ್ಲಿ ಬೂಷ್ಟು ಹಿಡಿಯದ ವಸ್ತುವಾದರೂ ಯಾವುದು? ಓಲೆಗೆ ಗೆದ್ದಲು ಹೇಗೋ ಪ್ಲೇಟಿಗೆ ಬೂಷ್ಟು ಹಾಗೆ.

ಭಾರತದಲ್ಲಿ ಈ ಉದ್ಯಮದ ಆರಂಭ 1902ರ ನವೆಂಬರದಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡರು. ಅಚ್ಚೊತ್ತುವ ಕೆಲಸ ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಕಲಕತ್ತೆಯ ಸಿಯಾಲ್‌ದಾದಲ್ಲಿ ಕಾರ್ಖಾನೆಯಾದುದು 1908ರಲ್ಲಿ. ಹಾಡು ಮುಗಿದೊಡನೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಘೋಷಿಸುವುದು ಕೇಳಿಬರುತ್ತದೆ. ನಮ್ಮ ವಚನಕಾರರ ಅಂಕಿತದಂತೆ ಇದೂ ಕರ್ತೃನಿರ್ಣಯಕ್ಕೆ ಸಾಧನ! ಆಕೆ ಕೊನೆಯುಸಿರೆಳೆದುದು 1930ರಲ್ಲಿ, ನಮ್ಮ ಮೈಸೂರಿನಲ್ಲಿ.

ಪ್ಲೇಟುಗಳನ್ನು ತೂಗಿ ನೋಡುವ ಕಲೆಯಲ್ಲಿ ಅಮೆರಿಕೆಯ ಜಾಝ್ ಸಂಗೀತದ ಸಂಗ್ರಾಹಕರು ಮುಂದೆ ಹೋದವರು. ಜಾಝ್ ಮೊದಲು ಪ್ಲೇಟಿಗೆ ಇಳಿದುದು 1917ರಲ್ಲಿ. ಒಂದೇ ದಿನ ಒಂದೇ ಕೃತಿಯನ್ನು ಎರಡು ಮೂರು ಸಲ ಮುದ್ರಿಸುವ ವಾಡಿಕೆ ಅಲ್ಲಿತ್ತು. ಅದು ಮನೋಧರ್ಮದ ಸಂಗೀತವಾದ್ದರಿಂದ ಪ್ರತಿ ಸಲವೂ ಹೊಸತೊಂದು ಹೊಮ್ಮುತ್ತಿತ್ತು. ಚೀಟಿಯ ಸುತ್ತಲಿನ ಬೋಳುಭಾಗದಲ್ಲಿ ಕೊರೆದ ಸಂಖ್ಯೆಯನ್ನೋದಿ ಇದು ಯಾವ ಸಲದ ಪಾಠವೆಂದು ಅವರು ನಿರ್ಣಯಿಸುತ್ತಾರೆ. ಖ್ಯಾಲ್ ಗಾಯನಕ್ಕೂ ಈ ಮಾತು ಸಲ್ಲುತ್ತದೆ. 1977ರಲ್ಲಿ ವಾಯೇಜರ್ ನೌಕೆಗಳೊಡನೆ ಅಂತರಿಕ್ಷಕ್ಕೆ ಕಳುಹಿದ ಚಿನ್ನದ ಲೇಪದ ತಟ್ಟೆಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗರ ಜಾಝ್ ಇದೆ. ನಮ್ಮ ನೆರೆಯ ಗೋವೆಯ ಕೇರಿ ಗ್ರಾಮದ ಕೇಸರಬಾಯಿಯವರ ಭೈರವಿಯೂ ಇದೆ. ಆ ಪ್ರತಿಗೆ ಬೂಷ್ಟಿನ ಭಯವಿಲ್ಲ.

ಇನ್ನು ನನ್ನ ಅವಮಾನದ ಪ್ರಸಂಗ. ಕೊಂಕಣ ರೈಲು ಪೂರ್ಣವಾಗಿ ಓಡಲಾರಂಭಿಸಿದ 1998ರಲ್ಲಿ ಕಾರವಾರದ ಒಂದು ಸಭೆಯಲ್ಲಿ ನಾನು ಹಳೆಯ ಮುದ್ರಿಕೆಗಳ ಕುರಿತು ಉಪನ್ಯಾಸ ಮಾಡಿದೆನು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟೊಂದರ ಗಾಯನವನ್ನು ಯಾರೋ ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟಿದ್ದರು. 1930ರ ದಶಕದ ಆ ಪ್ಲೇಟುಗಳಲ್ಲಿ ಅವರ ಹೆಸರು ಗಾಂಧಾರಿ ಎಂದಿದೆ. ಕ್ಯಾಸೆಟ್ಟಿನ ದನಿ ತೆಳುವಾಗಿ, ಏರು ಶ್ರುತಿಯಲ್ಲಿ ಕೇಳಿಸಿತು. ನಾವೆಲ್ಲ ಬಲ್ಲ ಗಂಗೂಬಾಯಿಯವರದಾದರೋ ಗಂಭೀರವಾದ, ಗಂಡುದನಿಯೆನ್ನಿಸುವ ಕಂಠ. “ಪ್ರತಿಕಾರನು ಪ್ಲೇಟನ್ನು ವೇಗವಾಗಿ ತಿರುಗಿಸಿ ಪಾಠವನ್ನು ಕೆಡಿಸಿದ್ದಾನೆ” ಎಂದು ತೀರ್ಪಿತ್ತು ಚಪ್ಪಾಳೆಯನ್ನೂ ಗಳಿಸಿದೆನು.

ಸಭೆ ಚದುರಿದ ಮೇಲೆ ಅಂಕೋಲೆಯ ನಿವೃತ್ತ ಮಾಸ್ತರರೊಬ್ಬರು ಬಳಿಗೆ ಬಂದು, “ಪಂಡಿತರೇ, ಮೂಲಪ್ರತಿ ನೋಡದೆ ಪಾಠ ತಿದ್ದಬಹುದೇ?” ಎಂದು ಮೆಲ್ಲನೆ ಕೇಳಿದರು. ಮರುವಾರ ಅವರ ಮನೆಗೆ ಹೋದೆನು. ಅದೇ ಪ್ಲೇಟು ಅವರಲ್ಲಿದ್ದಿತು. ಕೀಲಿ ಕೊಟ್ಟು, ಹೊಸ ಮುಳ್ಳು ಸಿಕ್ಕಿಸಿ, ಗಡಿಯಾರ ನೋಡುತ್ತ ನಿಮಿಷಕ್ಕೆ 78 ಸುತ್ತಿಗೆ ನಿಲ್ಲಿಸಿದರು. ಅದೇ ತೆಳು ದನಿ! ಕ್ಯಾಸೆಟ್ಟಿನದು ಕೂದಲೆಳೆಯಷ್ಟು ಮೇಲಿತ್ತು, ಅಷ್ಟೆ.

ನಾನು ಸೋಲೊಪ್ಪಲಿಲ್ಲ. ಹಿಂದಿನ ಪ್ಲೇಟುಗಳೆಲ್ಲ ಸರಿಯಾಗಿ 78ಕ್ಕೇ ಮುದ್ರಿತವಾದವುಗಳಲ್ಲವೆಂಬುದು ನಿಜ. 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆಯೇ ಆ ವೇಗ ಬಹುಮಟ್ಟಿಗೆ ಸ್ಥಿರವಾದುದು. 74 ಸುತ್ತಿಗೆ ಮುದ್ರಿಸಿದುದನ್ನು 78ಕ್ಕೆ ತಿರುಗಿಸಿದರೆ 3 ನಿಮಿಷ 10 ಸೆಕೆಂಡಿನ ಹಾಡು 3 ನಿಮಿಷಕ್ಕೇ ಮುಗಿಯುತ್ತದೆ, ಶ್ರುತಿ ಹಾರ್ಮೋನಿಯಮ್ಮಿನ ಹೆಚ್ಚುಕಡಿಮೆ ಒಂದು ಮನೆ ಏರುತ್ತದೆ. ಇದನ್ನೇ ಮುಂದೊಡ್ಡಿದೆನು. ಮಾಸ್ತರರು ವಾದಿಸಲಿಲ್ಲ. ವೇಗದ ಕೀಲನ್ನು ನನ್ನ ಕೈಗೇ ಕೊಟ್ಟು, “ನಿಮ್ಮ ಗಂಗೂಬಾಯಿ ಬರುವ ತನಕ ಇಳಿಸಿರಿ” ಎಂದರು.

ಇಳಿಸಿದೆನು. ಒಂದು ಮನೆ ಸಾಲಲಿಲ್ಲ, ಎರಡು ಸಾಲಲಿಲ್ಲ. ಷಡ್ಜದಿಂದ ಮಧ್ಯಮದಷ್ಟು ಇಳಿಸಿದ ಮೇಲೆ ಕಂಠವೇನೋ ನನ್ನ ಕಲ್ಪನೆಯ ಹತ್ತಿರಕ್ಕೆ ಬಂದಿತು. ಆದರೆ ತಬಲಾ ಕೆಸರಿನಲ್ಲಿ ಹೆಜ್ಜೆಯಿಟ್ಟಂತೆ, ಹಾರ್ಮೋನಿಯಮ್ಮು ನರಳಿದಂತೆ ಕೇಳಿಸಿತು. ತಟ್ಟೆ ಆಗ ನಿಮಿಷಕ್ಕೆ 58 ಸುತ್ತು ತಿರುಗುತ್ತಿದ್ದಿತು. 3 ನಿಮಿಷದ ಹಾಡು 4 ನಿಮಿಷ ಹಿಡಿಯಿತು. 10 ಅಂಗುಲದ ಪ್ಲೇಟಿನ ಒಂದು ಮೈಯಲ್ಲಿ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಸಂಗೀತವಿರುವುದೇ ಅಂದಿನ ರೂಢಿ. 58 ಸುತ್ತಿಗೆ ಮುದ್ರಿಸಿದವರು ಯಾರೂ ಇಲ್ಲ. ಆದ್ದರಿಂದ ಆ ಎಳೆಯ ದನಿಯೇ ಮೂಲಪಾಠ. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಂಗೂಬಾಯಿಯವರ ಕಂಠವೇ ಬದಲಾದುದನ್ನು ನಾನು ಓದಿರಲಿಲ್ಲ. ಅವರಾದರೂ ಆಗ ಹುಬ್ಬಳ್ಳಿಯಲ್ಲಿಯೇ ಇದ್ದರು. ಅವರು ತೀರಿಕೊಂಡುದು 2009ರಲ್ಲಿ. ಬಸ್ಸು ಹತ್ತಿ ಹೋಗಿ ಕೇಳುವುದಕ್ಕೆ ಯಾವ ಪಾಂಡಿತ್ಯವೂ ಬೇಕಾಗಿರಲಿಲ್ಲ.

ಪರಿಚಿತವಾದುದನ್ನೇ ಶುದ್ಧಪಾಠವೆಂದು ಭ್ರಮಿಸುವುದು ಲಿಪಿಕಾರನ ದೋಷಗಳಲ್ಲಿ ಮೊದಲನೆಯದು. ಅದನ್ನು ತರಗತಿಯಲ್ಲಿ ಬೋಧಿಸುತ್ತಿದ್ದ ನಾನೇ ಅದರಲ್ಲಿ ಬಿದ್ದೆನು. ಮಲ್ಲಿಕಾರ್ಜುನ ಮನಸೂರರ ಎಳೆಯ ವಯಸ್ಸಿನ ಪ್ಲೇಟುಗಳನ್ನೂ ಮುಂದಿನ ಎಲ್.ಪಿ.ಗಳನ್ನೂ ಎದುರುಬದುರಾಗಿ ಕೇಳುವವರು ಈ ಎಚ್ಚರ ವಹಿಸಬೇಕು. ಮೊದಲಿನವುಗಳಲ್ಲಿ ನೀಲಕಂಠಬುವಾ ಅವರಿಂದ ಬಂದ ಗ್ವಾಲಿಯರ್ ಪದ್ಧತಿಯ ನೆಲಗಟ್ಟು. ಆಮೇಲಿನವುಗಳಲ್ಲಿ ಮಂಜಿಖಾನ್, ಭೂರ್ಜಿಖಾನರಿಂದ ಬಂದ ಜಯಪುರ ಘರಾಣೆಯ ಹೆಣಿಗೆ. ಎರಡೂ ಪ್ರಮಾಣವೇ.

ಮರುಮುದ್ರಣಗಳಲ್ಲಿ ನನಗೆ ಒಪ್ಪಿಗೆಯಾಗದುದು ಶಬ್ದಶೋಧನೆಯ ಅತಿರೇಕ. ಮುಳ್ಳಿನ ಸರಸರ ಸದ್ದನ್ನು ತೆಗೆಯಹೋಗಿ ತಂಬೂರಿಯ ಝೇಂಕಾರವನ್ನೂ ತೆಗೆದುಬಿಡುತ್ತಾರೆ. ಖಾನ್ ಸಾಹೇಬರ ಝಿಂಝೋಟಿಯ ಮುದ್ರಿಕೆ ಕೇಳಿ ಬಾಲಕ ಭೀಮಸೇನ ಜೋಶಿಯವರು ಗುರುವನ್ನರಸಿ ಮನೆಬಿಟ್ಟರಷ್ಟೆ. ಅವರನ್ನು ಸೆಳೆದುದು ಈ ಸರಸರ ಸದ್ದಿನ ನಡುವಿನಿಂದ ಬಂದ ಗಾಯನವೇ. ಸದ್ದನ್ನು ಉಳಿಸಿದ ಪ್ರತಿಯೊಂದು ಇರಲಿ, ಶೋಧಿಸಿದ ಪ್ರತಿ ಅದರ ಪಕ್ಕದಲ್ಲಿರಲಿ. 1990ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಧ್ವನಿಮುದ್ರಿಕಾ ಸಂಗ್ರಾಹಕರ ಸಂಘವು ಇಂತಹ ಮುದ್ರಿಕೆಗಳ ಪಟ್ಟಿಗಳನ್ನೂ ಲೇಖನಗಳನ್ನೂ ಪ್ರಕಟಿಸಿ ಉಪಕಾರ ಮಾಡಿದೆ.

ಮಾಸ್ತರರು ಅಂದು ನನ್ನನ್ನು ಬರಿಗೈಯಲ್ಲಿ ಕಳುಹಲಿಲ್ಲ. ಬೂಷ್ಟು ಹಿಡಿದ ಒಂದು ನಾಟ್ಯಗೀತೆಯ ಪ್ಲೇಟನ್ನು ಕೊಟ್ಟು, ಒರೆಸಿ ಇಟ್ಟುಕೊಳ್ಳಿರೆಂದರು. ಮನೆಗೆ ಬಂದು ಔಷಧದ ಅಂಗಡಿಯ ಸ್ಪಿರಿಟ್ಟಿನಲ್ಲಿ ಅರಿವೆಯದ್ದಿ ಒರೆಸಿದೆನು. ಬೂಷ್ಟು ಹೋಯಿತು, ಅದರೊಡನೆ ಹಾಡೂ ಹೋಯಿತು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆಂಬುದನ್ನು ಯಾವ ಬಡಿಗನಾದರೂ ಹೇಳುತ್ತಿದ್ದನು, ಮರಕ್ಕೆ ಹಚ್ಚುವ ಪಾಲಿಶನ್ನು ಅವನು ಹಾಗೆಯೇ ಮಾಡಿಕೊಳ್ಳುತ್ತಾನೆ. ತಣ್ಣೀರು, ಒಂದು ತೊಟ್ಟು ಮೆದು ಸಾಬೂನು, ಹತ್ತಿಯ ಬಟ್ಟೆ, ಚೀಟಿಗೆ ನೀರು ತಾಗದಂತೆ ಜಾಗ್ರತೆ, ಕೂಡಲೇ ನೆರಳಿನಲ್ಲಿ ಆರಿಸುವುದು: ಇಷ್ಟೇ ಸಾಕಾಗಿತ್ತು.

ಮಾಸ್ತರರಿಗೆ ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಕೇಳಲೂ ಇಲ್ಲ. ಅವರೀಗ ಇಲ್ಲ. ಪ್ಲೇಟಿನ ಇನ್ನೊಂದು ಮೈಗೆ ನಾನು ಸ್ಪಿರಿಟ್ಟು ತಾಗಿಸಿರಲಿಲ್ಲವಾದ್ದರಿಂದ ಅದು ಇನ್ನೂ ಹಾಡುತ್ತದೆ. ಈ ವರ್ಷ ಅದನ್ನು ನಮ್ಮ ಶಾಲೆಯ ಗ್ರಂಥಭಂಡಾರಕ್ಕೆ ಒಪ್ಪಿಸಿದ್ದೇನೆ. ಕೆಟ್ಟ ಮೈ ಯಾವುದು, ಕೆಡಿಸಿದವರು ಯಾರೆಂಬುದನ್ನು ಲಕೋಟೆಯ ಮೇಲೆ ಬರೆದಿದೆ.