ಬಡತನದ ಕಥನ, ಬಂಡವಾಳದ ಮೌನ: ‘ಸ್ಲಮ್‌ಡಾಗ್ ಮಿಲಿಯನೇರ್’ ಮತ್ತು ಅದರ ಮೂಲ ಕಾದಂಬರಿ

ಅಭಿವೃದ್ಧಿಶೀಲ ರಾಷ್ಟ್ರಗಳ ಬಡತನವನ್ನು ಜನಪ್ರಿಯ ಸಿನಿಮಾ ಹೇಗೆ ಕಟ್ಟಿಕೊಡುತ್ತದೆ ಎಂಬ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಮಾನಾಪಮಾನದ ಚರ್ಚೆಯಾಗಿಯೇ ಉಳಿದಿದೆ. ಸತ್ಯಜಿತ್ ರಾಯ್ ಅವರು ಭಾರತದ ಬಡತನವನ್ನು ಹೊರದೇಶಗಳಿಗೆ ರಫ್ತು ಮಾಡುತ್ತಿದ್ದಾರೆಂದು ನಟಿ ಹಾಗೂ ರಾಜ್ಯಸಭಾ ಸದಸ್ಯೆ ನರ್ಗಿಸ್ 1980ರಲ್ಲಿ ಆಕ್ಷೇಪಿಸಿದ್ದರು. ಡ್ಯಾನಿ ಬಾಯ್ಲ್ ನಿರ್ದೇಶನದ ‘ಸ್ಲಮ್‌ಡಾಗ್ ಮಿಲಿಯನೇರ್’ 2009ರ ಜನವರಿಯಲ್ಲಿ ಭಾರತದಲ್ಲಿ ತೆರೆಕಂಡಾಗಲೂ ಇದೇ ಆಕ್ಷೇಪ ಕೇಳಿಬಂತು. ಶೀರ್ಷಿಕೆಯಲ್ಲಿದ್ದ ‘ನಾಯಿ’ ಎಂಬ ಪದದ ವಿರುದ್ಧ ಪ್ರತಿಭಟನೆಗಳು ನಡೆದವು. ಮರುತಿಂಗಳೇ ಚಿತ್ರಕ್ಕೆ ಎಂಟು ಆಸ್ಕರ್ ಪ್ರಶಸ್ತಿಗಳು ಬಂದವು, ಆಕ್ಷೇಪವಿದ್ದ ಜಾಗದಲ್ಲಿ ಅಭಿಮಾನ ಬಂದು ಕೂತಿತು. ಎರಡೂ ಪ್ರತಿಕ್ರಿಯೆಗಳ ಹಿಂದೆ ಇದ್ದದ್ದು ಹೊರಗಿನವರು ನಮ್ಮನ್ನು ಹೇಗೆ ಕಾಣುತ್ತಾರೆ ಎಂಬ ಒಂದೇ ಚಿಂತೆ. ಬಡವನ ಮೇಲಾಗುವ ಹಿಂಸೆಗೆ ಚಿತ್ರ ಯಾವ ಕಾರಣವನ್ನು ಕೊಡುತ್ತದೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ಚಿತ್ರಕ್ಕೆ ಆಧಾರವಾದ ವಿಕಾಸ್ ಸ್ವರೂಪ್ ಅವರ ‘ಕ್ಯೂ ಅಂಡ್ ಎ’ (2005) ಕಾದಂಬರಿಯ ಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಶ್ನೆ ಮತ್ತೆ ಮುನ್ನೆಲೆಗೆ ಬರುತ್ತದೆ.

ಕಾದಂಬರಿಯ ನಾಯಕ ರಾಮ್ ಮೊಹಮ್ಮದ್ ಥಾಮಸ್ ಒಬ್ಬ ಅನಾಥ, ಮುಂಬಯಿಯ ಬಾರೊಂದರ ಪರಿಚಾರಕ. ಕಿರುತೆರೆಯ ರಸಪ್ರಶ್ನೆ ಸ್ಪರ್ಧೆಯಲ್ಲಿ ನೂರು ಕೋಟಿ ರೂಪಾಯಿ ಗೆದ್ದ ಅವನನ್ನು ಪೊಲೀಸರು ಹಿಡಿದು ಚಿತ್ರಹಿಂಸೆ ಕೊಡುತ್ತಾರೆ. ಕಾರಣ ಸರಳವಾದುದು: ಕಾರ್ಯಕ್ರಮ ನಡೆಸುವ ಕಂಪನಿಯ ಬಳಿ ಕೊಡಲು ಹಣವಿಲ್ಲ. ಜಾಹೀರಾತಿನಿಂದ ಹಣ ಕೂಡಿಬರುವ ತನಕ ಯಾರೂ ಗೆಲ್ಲಲಾರರೆಂಬ ಲೆಕ್ಕದ ಮೇಲೆ ಅದು ಬಹುಮಾನವನ್ನು ಘೋಷಿಸಿದೆ. ಆದ್ದರಿಂದ ಗೆದ್ದವನು ಮೋಸಗಾರನೆಂದು ಸಾಬೀತಾಗಲೇಬೇಕು. ಪೊಲೀಸ್ ಠಾಣೆ ಇಲ್ಲಿ ಕಂಪನಿಯ ಲೆಕ್ಕಪತ್ರದ ಮುಂದುವರಿಕೆಯಾಗಿ ಕೆಲಸ ಮಾಡುತ್ತದೆ. ಬಂಡವಾಳ ಮತ್ತು ಪ್ರಭುತ್ವದ ಸಂಬಂಧವನ್ನು ಇಷ್ಟು ನೇರವಾಗಿ ಹೇಳುವ ಜನಪ್ರಿಯ ಕಾದಂಬರಿಗಳು ವಿರಳ. (ಕಾಕತಾಳೀಯಗಳ ಮೇಲೆ ನಿಂತ ಈ ಕಾದಂಬರಿ ಶ್ರೇಷ್ಠ ಕೃತಿಯೆಂಬುದು ಇಲ್ಲಿನ ವಾದವಲ್ಲ.)

ಚಿತ್ರದಲ್ಲಿ ಈ ಕಾರಣ ಇಲ್ಲವಾಗಿದೆ. ನಾಯಕ ಜಮಾಲ್ ಮಲಿಕ್‌ನನ್ನು ಕೊನೆಯ ಪ್ರಶ್ನೆಯ ಹಿಂದಿನ ರಾತ್ರಿ ಪೊಲೀಸರಿಗೆ ಒಪ್ಪಿಸುವವನು ಕಾರ್ಯಕ್ರಮದ ನಿರೂಪಕ ಪ್ರೇಮ್ ಕುಮಾರ್. ತಾನೂ ಕೊಳೆಗೇರಿಯಿಂದಲೇ ಮೇಲೆ ಬಂದ ಅವನಿಗೆ ಇನ್ನೊಬ್ಬ ಬರುವುದು ಸಹನೆಯಾಗದು. ವ್ಯವಸ್ಥೆಯ ತಂತ್ರವಾಗಿದ್ದದ್ದು ಒಬ್ಬನ ಅಸೂಯೆಯಾಗಿ, ಅದೂ ಮಾಜಿ ಬಡವನೊಬ್ಬನ ಅಸೂಯೆಯಾಗಿ ಮಾರ್ಪಟ್ಟಿದೆ. ಅವನ ಕಥೆಯನ್ನು ಕೇಳುವವರೂ ಬದಲಾಗಿದ್ದಾರೆ: ಕಾದಂಬರಿಯಲ್ಲಿ ಅವನನ್ನು ಬಿಡಿಸಿಕೊಂಡು ಹೋಗುವ ವಕೀಲೆ, ಚಿತ್ರದಲ್ಲಿ ಅವನನ್ನು ಹಿಂಸಿಸಿದ ಠಾಣೆಯ ಇನ್ಸ್‌ಪೆಕ್ಟರ್. ಆತ ಕಥೆ ಕೇಳಿ ಮೃದುವಾಗುತ್ತಾನೆ, ಪ್ರಭುತ್ವಕ್ಕೂ ಹೃದಯವಿದೆ ಎಂದು ನಾವು ನಂಬುತ್ತೇವೆ.

ಈ ಬದಲಾವಣೆಯನ್ನು ಚಿತ್ರಕಥೆಯ ಅನುಕೂಲಕ್ಕೆ ಮಾಡಿಕೊಂಡದ್ದೆಂದು ಬಿಟ್ಟುಬಿಡಬಹುದಿತ್ತು. ಆದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಾದಂಬರಿಯ ಸ್ಪರ್ಧೆಯ ಹೆಸರು ಕಾಲ್ಪನಿಕ; ಚಿತ್ರದಲ್ಲಿರುವುದು ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಎಂಬ ನಿಜವಾದ ಕಾರ್ಯಕ್ರಮ. 2000ದಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಯಾಗಿ ನಮ್ಮ ಮನೆಗಳಿಗೆ ಬಂದದ್ದು ಇದೇ. 1998ರಲ್ಲಿ ಬ್ರಿಟನ್ನಿನಲ್ಲಿ ಅದನ್ನು ಆರಂಭಿಸಿದ್ದು ಸೆಲಡಾರ್ ಎಂಬ ಸಂಸ್ಥೆ; ಅದರ ಚಿತ್ರ ನಿರ್ಮಾಣ ಶಾಖೆಯೇ ಈ ಸಿನಿಮಾವನ್ನು ನಿರ್ಮಿಸಿತು. ಕಾರ್ಯಕ್ರಮದ ಹಕ್ಕುಗಳು 2006ರಲ್ಲೇ ಬೇರೆ ಕೈಗೆ ಮಾರಾಟವಾಗಿದ್ದವು ಎಂಬುದನ್ನೂ ಹೇಳಬೇಕು. ಆದ್ದರಿಂದ ಇಲ್ಲಿ ಸಂಚನ್ನು ಹುಡುಕಬೇಕಾಗಿಲ್ಲ. ನಿಜವಾದ ಹೆಸರು ಕಥನದೊಳಗೆ ಬಂದಾಗ ಆ ಹೆಸರಿನ ಕಂಪನಿ ವಂಚಕನಾಗಿ ಕಾಣಿಸಿಕೊಳ್ಳುವುದು ಅಸಾಧ್ಯವಾಯಿತು ಎಂದಷ್ಟೇ ಹೇಳಿದರೆ ಸಾಕು.

ಜಾಗತೀಕರಣ ಚಿತ್ರದಲ್ಲಿ ಇಲ್ಲವೆಂದಲ್ಲ. ಹಿನ್ನೆಲೆಯ ದೃಶ್ಯವಾಗಿ ಎಲ್ಲೆಡೆ ಇದೆ. ಜಮಾಲ್ ಕಾಲ್ ಸೆಂಟರಿನಲ್ಲಿ ಚಹಾ ಹಂಚುವ ಹುಡುಗ. ಅಲ್ಲಿನ ನೌಕರರು ತಾವೆಂದೂ ಕಾಣದ ಬ್ರಿಟನ್ನಿನ ಊರು, ಧಾರಾವಾಹಿಗಳ ಬಗ್ಗೆ ಪಾಠ ಹೇಳಿಸಿಕೊಳ್ಳುತ್ತಾರೆ. ಇನ್ನೊಂದು ದೇಶದ ದಿನಚರಿಯನ್ನು ಬಾಯಿಪಾಠ ಮಾಡಿ ಬದುಕಬೇಕಾದ ದುಡಿಮೆಯ ಈ ವಿಪರ್ಯಾಸವನ್ನು ಚಿತ್ರ ನಗೆಯಾಗಿ ಬಳಸಿಕೊಂಡು ಮುಂದೆ ಸಾಗುತ್ತದೆ. ಅಲ್ಲಿನ ಕಂಪ್ಯೂಟರ್ ಜಮಾಲ್‌ಗೆ ಅಣ್ಣನ ದೂರವಾಣಿ ಸಂಖ್ಯೆ ಹುಡುಕಲು ಸಿಕ್ಕ ಸಾಧನ ಮಾತ್ರ. ಹೆಚ್ಚು ಮುಖ್ಯವಾದದ್ದು ಅಣ್ಣ ತಮ್ಮಂದಿರು ಕಟ್ಟಲಾಗುತ್ತಿರುವ ಗಗನಚುಂಬಿಯ ಮೇಲೆ ಭೇಟಿಯಾಗುವ ದೃಶ್ಯ. ಕೆಳಗೆ ಗೋಪುರಗಳು ಎದ್ದಿರುವ ನೆಲ ತಮ್ಮ ಕೊಳೆಗೇರಿಯಿದ್ದ ಜಾಗವೆಂದು ಸಲೀಮ್ ಹೆಮ್ಮೆಯಿಂದ ತೋರಿಸುತ್ತಾನೆ. ಅಲ್ಲಿದ್ದ ಜನ ಎಲ್ಲಿಗೆ ಹೋದರು? ಸಲೀಮ್ ಹೇಳುವುದಿಲ್ಲ, ಜಮಾಲ್ ಕೇಳುವುದಿಲ್ಲ. ಚಿತ್ರೀಕರಣ ನಡೆದ ಧಾರಾವಿಯ ಪುನರಭಿವೃದ್ಧಿ ಯೋಜನೆಗೆ ಮಹಾರಾಷ್ಟ್ರ ಸರ್ಕಾರ 2004ರಲ್ಲೇ ಒಪ್ಪಿಗೆ ಕೊಟ್ಟಿತ್ತೆಂಬುದನ್ನು ನೆನೆದರೆ ಈ ಮೌನ ಇನ್ನಷ್ಟು ಭಾರವಾಗುತ್ತದೆ.

ಚಿತ್ರ ಆರಂಭದಲ್ಲೇ ಪ್ರೇಕ್ಷಕರಿಗೊಂದು ಪ್ರಶ್ನೆ ಹಾಕುತ್ತದೆ: ಜಮಾಲ್ ಗೆದ್ದದ್ದು ಹೇಗೆ? ಮೋಸ, ಅದೃಷ್ಟ, ಪ್ರತಿಭೆ, ವಿಧಿಲಿಖಿತ ಎಂಬ ನಾಲ್ಕು ಉತ್ತರಗಳು. ಕೊನೆಗೆ ನಾಲ್ಕನೆಯದೇ ಸರಿಯುತ್ತರ. ಕನ್ನಡದಲ್ಲಿ ಹಣೆಬರಹವೆಂಬ ಮಾತು ಹೆಚ್ಚಾಗಿ ಸೋತವರ ಬಾಯಲ್ಲಿ ಬರುತ್ತದೆ. ಚಿತ್ರ ಅದನ್ನು ಗೆದ್ದವನ ಹಣೆಗೆ ಹಚ್ಚಿದೆ. ಒಬ್ಬನ ಗೆಲುವು ಹಣೆಬರಹವಾದರೆ ಉಳಿದವರ ಹಸಿವೂ ಅದೇ ಆಗಬೇಕಾಗುತ್ತದೆ. ‘ಗೆದ್ದದ್ದು ಹೇಗೆ’ ಎಂಬ ಈ ಪ್ರಶ್ನೆಯೇ, ಕಾದಂಬರಿ ಕೇಳಿದ್ದ ‘ಗೆದ್ದವನನ್ನು ಹೊಡೆಸಿದವರು ಯಾರು’ ಎಂಬ ಪ್ರಶ್ನೆಯನ್ನು ಹೊರಗಿಡುತ್ತದೆ.

ವಿದೇಶಿ ನಿರ್ಮಾಣವಾದ್ದರಿಂದ ಹೀಗಾಯಿತು, ಅಥವಾ ಜನಪ್ರಿಯ ಮಾದರಿಯ ಮಿತಿಯೇ ಇದು ಎನ್ನುವಂತಿಲ್ಲ. ಎರಡು ವರ್ಷ ಮೊದಲು, 2007ರಲ್ಲಿ ಬಂದ ನಾಗತಿಹಳ್ಳಿ ಚಂದ್ರಶೇಖರ ಅವರ ‘ಮಾತಾಡ್ ಮಾತಾಡು ಮಲ್ಲಿಗೆ’ಯೂ ಹಾಡು, ತಾರೆ, ಕೌಟುಂಬಿಕ ಭಾವುಕತೆಗಳಿರುವ ಜನಪ್ರಿಯ ಚಿತ್ರವೇ. ಹೂ ಬೆಳೆಯುವ ಹೂವಯ್ಯ ಅಲ್ಲಿ ಗಣಿ ಕಂಪನಿಯನ್ನು ಎದುರಿಸುತ್ತಾನೆ. ಬಳ್ಳಾರಿಯ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಗಳು (2008, 2011) ಇನ್ನೂ ಬಂದಿರಲಿಲ್ಲ. ಹೂವಯ್ಯನಾಗಿ ವಿಷ್ಣುವರ್ಧನ್ ಅವರ ತಾರಾವರ್ಚಸ್ಸು ಜನಸಮೂಹದ ಹೋರಾಟವನ್ನು ಬಹುಪಾಲು ತಾನೇ ಹೊತ್ತುಕೊಂಡುಬಿಡುತ್ತದೆ. ಸಂಘಟನೆ ಮಾಡಬೇಕಾದ ಕೆಲಸವನ್ನು ನಾಯಕನ ಸಜ್ಜನಿಕೆ ಮಾಡುತ್ತದೆ. ಇದು ಆ ಚಿತ್ರದ ನಿಜವಾದ ದೌರ್ಬಲ್ಯ. ಹಾಗಿದ್ದೂ ಹೂವಯ್ಯನ ಸಂಕಟ ಅವನ ಹಣೆಯಲ್ಲಿ ಬರೆದದ್ದಲ್ಲ. ಅವನ ತೋಟದ ನೆಲ ಯಾರಿಗೆ ಬೇಕಾಗಿತ್ತು, ಯಾವುದಕ್ಕೆ ಬೇಕಾಗಿತ್ತು ಎಂಬುದು ಪ್ರೇಕ್ಷಕನಿಗೆ ಗೊತ್ತಿರುತ್ತದೆ.