ಎಣ್ಣೆ ಪಂಪು ಮತ್ತು ಅಪ್ಪಮಾದ

*ಇಂದಿನ ಧಮ್ಮ ಚಿಂತನೆ*



ಇವತ್ತಿನ ಪದ *ಅಪ್ಪಮಾದ*. ಸಂಸ್ಕೃತದಲ್ಲಿ ಅಪ್ರಮಾದ. ಕನ್ನಡದಲ್ಲಿ ನಾವು ‘ಪ್ರಮಾದವಾಯಿತು’ ಎಂದರೆ ಅನಾಹುತ ಆಯಿತು ಎಂದೇ ಅರ್ಥ. ಆದರೆ ಆ ಪದದ ಮೂಲ ಅರ್ಥ ಮೈಮರೆವು. ಮೈಮರೆವು ಮೊದಲು, ಅನಾಹುತ ಆಮೇಲೆ. ಈ ವ್ಯತ್ಯಾಸವನ್ನು ಎಂ.ಎ. ತರಗತಿಯಲ್ಲಿ ಓದಿದ್ದೆ. ಅರ್ಥವಾಗಿದ್ದು ಮಾತ್ರ ಅಪ್ಪನ ಯೆಜ್ಡಿಯಿಂದ.

ಅದು ಯೆಜ್ಡಿ ಆಯಿಲ್ ಕಿಂಗ್. ನಮ್ಮ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು, ಗಾಡಿಗಳು ಮಾತ್ರ ನಮ್ಮ ರಾವಂದೂರಿನಂಥ ಊರುಗಳಲ್ಲಿ ಇನ್ನೂ ಓಡುತ್ತಿವೆ. ಆ ಕಾಲದ ಯೆಜ್ಡಿ ಎರಡು ಸ್ಟ್ರೋಕಿನ ಗಾಡಿ. ಪಿಸ್ಟನ್ನಿಗೂ ಬೇರಿಂಗಿಗೂ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಒಳಗೆ ಹೋಗಿ ಉರಿದುಹೋಗುತ್ತದೆ. ಆದ್ದರಿಂದ ಆ ಕಾಲದ ಬೇರೆ ಯೆಜ್ಡಿಗಳಿಗೆ ಪೆಟ್ರೋಲ್ ಹಾಕಿಸುವಾಗಲೆಲ್ಲ ಅಳತೆ ಮಾಡಿ ಎಣ್ಣೆ ಬೆರೆಸಬೇಕು. ಆಯಿಲ್ ಕಿಂಗಿನಲ್ಲಿ ಆ ಕೆಲಸಕ್ಕೆ ಒಂದು ಪಂಪು, ಎಣ್ಣೆಗೇ ಬೇರೆ ಟ್ಯಾಂಕು.

ಅಪ್ಪ ಆ ಪಂಪನ್ನು ನಂಬಲಿಲ್ಲ. ಅದು ಒಮ್ಮೆ ಕೆಟ್ಟ ಮೇಲೆ ಬಿಚ್ಚಿಸಿಬಿಟ್ಟರು. ಹೊಗೆಸೊಪ್ಪಿನ ಕೆಲಸ ಎಷ್ಟೇ ಅವಸರವಿರಲಿ, ಬಂಕಿನಲ್ಲಿ ನಿಂತು ಲೀಟರಿಗೆ 40 ಎಂ.ಎಲ್. ಎಣ್ಣೆ ಅಳೆದು ಸುರಿದು, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿಯೇ ಹೊರಡುತ್ತಿದ್ದರು. ಓಡಿಸುವಾಗ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ. ‘ಎಣ್ಣೆ ಸಾಲದೆ ಪಿಸ್ಟನ್ ಹಿಡಿದುಕೊಂಡ್ರೆ ಹಿಂದಿನ ಚಕ್ರ ನಿಂತುಬಿಡ್ತದೆ ಕಣಪ್ಪ, ಆಗ ಕ್ಲಚ್ ಒತ್ತದೇ ಇದ್ದೋನು ಬಿದ್ದ’ ಎನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಗಾಡಿಯನ್ನು ಮೊದಲಿದ್ದಂತೆಯೇ ಮಾಡಿಸಬೇಕೆಂಬ ಆಸೆ ನನಗೆ. ಊರಿನ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಮೈಸೂರಿನಲ್ಲಿ ಹುಡುಕಿ ಒಂದು ಪಂಪು ತಂದು ಕೂರಿಸಿದ. ಪೈಪಿನಲ್ಲಿ ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಎಣ್ಣೆ ಹರಿಸಿ ತೋರಿಸಿದ. ಗುಳ್ಳೆ ಇದ್ದರೆ ಪಂಪು ತಿರುಗುತ್ತಿದ್ದರೂ ಎಣ್ಣೆ ಮುಂದಕ್ಕೆ ಹೋಗುವುದಿಲ್ಲವಂತೆ. ಪಂಪಿನ ಮೇಲೆ ನಂಬಿಕೆ ಬರುವವರೆಗೆ ಮೊದಲ ಟ್ಯಾಂಕಿಗೆ ಪೆಟ್ರೋಲಿಗೂ ಎಣ್ಣೆ ಬೆರೆಸಿದ. ಕೊನೆಗೆ ಹೇಳಿದ: ‘ಸಾ, ಇನ್ನು ಬೆರೆಸೋದು ಬ್ಯಾಡ. ಎಣ್ಣೆ ಟ್ಯಾಂಕು ಮಾತ್ರ ನೋಡ್ಕತಾ ಇರಿ.’

ಮೊದಮೊದಲು ವಾರಕ್ಕೊಮ್ಮೆ ನೋಡಿದೆ. ಆಮೇಲೆ ತಿಂಗಳಿಗೊಮ್ಮೆ. ಎಣ್ಣೆ ಟ್ಯಾಂಕು ತುಂಬಿದರೆ ಹಲವು ಸಲ ಪೆಟ್ರೋಲ್ ಹಾಕಿಸುವವರೆಗೆ ಬರುತ್ತದಲ್ಲ, ಮರೆತೇಬಿಟ್ಟೆ.

ಒಂದು ಭಾನುವಾರ ಮಗಳನ್ನು ಹಿಂದೆ ಕೂರಿಸಿಕೊಂಡು ಪಿರಿಯಾಪಟ್ಟಣಕ್ಕೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಎಂಜಿನ್ ಸದ್ದು ಬಿಗಿಯಾಯಿತು, ಹಿಂದಿನ ಚಕ್ರ ಕಿರ್ರೆಂದು ನಿಂತಿತು. ಕೈ ತಾನಾಗಿ ಕ್ಲಚ್ ಒತ್ತಿತು. ಗಾಡಿ ರಸ್ತೆ ಪಕ್ಕದ ಮಣ್ಣಿಗೆ ಜಾರಿ ಮಗಳ ಅಂಗೈ ತರಚಿತು. ಅಷ್ಟರಲ್ಲೇ ಉಳಿದೆವು. ಹಿಂದೆ ಬಸ್ಸು ಬರುತ್ತಿರಲಿಲ್ಲ, ಅಷ್ಟೇ.

ಮಾರನೆಯ ದಿನ ಮೆಕ್ಯಾನಿಕ್ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ‘ನನ್ನ ಮಗಳ ಜೀವ ತೆಗೀತಿದ್ದೆಯಲ್ಲೋ’ ಎಂದೂ ಅಂದೆ. ಆತ ಎದುರಾಡಲಿಲ್ಲ. ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು, ಮೊಬೈಲ್ ಬೆಳಕು ಬಿಟ್ಟು, ‘ನೋಡಿ ಸಾ’ ಎಂದ. ತಳ ಒಣಗಿತ್ತು. ‘ಪಂಪು ಚೆನ್ನಾಗೇ ಅದೆ ಸಾ. ಅದಕ್ಕೆ ಕೊಡೋಕೆ ಎಣ್ಣೆನೇ ಇರ್ನಿಲ್ಲ.’

ಬಂಧುಗಳೇ, ಅಪ್ಪನ ಹತ್ತಿರ ಪಂಪು ಇರಲಿಲ್ಲ, ಎಚ್ಚರ ಇತ್ತು. ನನ್ನ ಹತ್ತಿರ ಪಂಪು ಇತ್ತು, ಎಚ್ಚರ ಇರಲಿಲ್ಲ. ಪಂಪು ನನ್ನ ಕೆಲಸವನ್ನು ಕಡಿಮೆ ಮಾಡಿತ್ತೇ ಹೊರತು ತೆಗೆದುಹಾಕಿರಲಿಲ್ಲ. ನಾನು ಅದನ್ನು ರಜೆ ಎಂದುಕೊಂಡೆ.

ನಮ್ಮ ಧಮ್ಮದ ಬದುಕಿನಲ್ಲೂ ಹೀಗೇ ಆಗುತ್ತದೆ. ಪಂಚಶೀಲ ಸ್ವೀಕರಿಸಿದ್ದೇವೆ, ಬಳಗ ಸೇರಿದ್ದೇವೆ, ಬೆಳಗಾದರೆ ಈ ಚಿಂತನೆ ಮೊಬೈಲಿಗೆ ತಾನಾಗಿ ಬರುತ್ತದೆ. ಒಂದು ವ್ಯವಸ್ಥೆ ಕೂರಿಸಿಕೊಂಡಿದ್ದೇವೆ. ಇನ್ನು ತಾನಾಗಿ ನಡೆಯುತ್ತದೆ ಎಂದುಕೊಂಡ ದಿನವೇ ಟ್ಯಾಂಕು ಒಣಗತೊಡಗುತ್ತದೆ. ನಾನು ಆ ಹುಡುಗನ ಮೇಲೆ ಕೂಗಾಡಿದ ಬೆಳಗ್ಗೆಯೂ ಚಿಂತನೆ ಓದಿ, ಕೈಮುಗಿಯುವ ಚಿತ್ರ ಒತ್ತಿಯೇ ಮನೆ ಬಿಟ್ಟಿದ್ದೆ. ವಿಷಯ ಸಮ್ಯಕ್ ವಾಕ್ಕು!

ಇದು ನಮ್ಮಂಥವರಿಗೆ ಮಾತ್ರ ಆಗುವುದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಸಾಮ್ರಾಟ್ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಅದರಲ್ಲಿ ಅಶೋಕ, ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಮೊದಲ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಿಸಿದೆ ಎಂಬರ್ಥದ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಅಷ್ಟು ದೊಡ್ಡ ರಾಜ ತನ್ನ ಸಡಿಲತನವನ್ನು ಪ್ರಜೆಗಳೆಲ್ಲ ಓದುವಂತೆ ಒಪ್ಪಿಕೊಂಡ. ನಾನು ನಾಲ್ಕು ಜನರೆದುರು ಒಪ್ಪಿಕೊಳ್ಳಲು ಮೂರು ದಿನ ತೆಗೆದುಕೊಂಡೆ.

ನಾಲ್ಕನೆಯ ದಿನ ಗಿರಾಕಿಗಳು ಇರುವ ಹೊತ್ತು ನೋಡಿಯೇ ಹೋದೆ. ಎಲ್ಲರ ಎದುರು ಬೈದಿದ್ದೆನಲ್ಲ, ಕ್ಷಮೆಯನ್ನು ಗುಟ್ಟಾಗಿ ಕೇಳಿದರೆ ಲೆಕ್ಕ ಸರಿಹೋಗದು. ‘ತಪ್ಪು ನನ್ನದೇ ಕಣಪ್ಪ, ನಿನ್ನದಲ್ಲ’ ಎಂದೆ. ಆತ ಸಂಕೋಚದಿಂದ ‘ಬುಡಿ ಸಾ’ ಎಂದು ಮತ್ತೆ ಸ್ಪ್ಯಾನರ್ ಹಿಡಿದ. ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದಾನೆ. ಪಂಪು ಅದೇ ಇದೆ. ಈಗ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗಲೂ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆಯುವುದು ಮಗಳ ಕೆಲಸ, ಒಳಗೆ ನೋಡುವುದು ನನ್ನ ಕೆಲಸ.

*ಇಂದಿನ ಅಭ್ಯಾಸ:*
1. ‘ಅದು ತಾನಾಗಿ ನಡೆಯುತ್ತಿದೆ’ ಎಂದು ನಾನು ನೋಡುವುದನ್ನೇ ಬಿಟ್ಟಿರುವುದು ಯಾವುದು? ತಾಯಿಯ ಮಾತ್ರೆಯೋ, ಮಕ್ಕಳ ಮೌನವೋ, ನನ್ನ ನಾಲಿಗೆಯೋ? ಇಂದು ಒಂದರ ಮುಚ್ಚಳ ತೆಗೆದು ನೋಡೋಣ.
2. ನನ್ನ ಮೈಮರೆವಿನ ತಪ್ಪನ್ನು ಯಾರ ಮೇಲಾದರೂ ಹೊರಿಸಿದ್ದೇನೆಯೇ? ಹೊರಿಸಿದ್ದರೆ, ಎಷ್ಟು ಜನರ ಎದುರು ಹೊರಿಸಿದೆನೋ ಅಷ್ಟೇ ಜನರ ಎದುರು ಇಳಿಸಿಕೊಳ್ಳೋಣ.

ಎಲ್ಲರಿಗೂ ಒಳಿತಾಗಲಿ 🙏