ರಾಜಾರೋಷಕ್ಕೆ ರಷ್ಯನ್ನಿನಲ್ಲಿ ಯಾವ ಕಲಂ?

ಕಾನೂನು ಪತ್ರಗಳನ್ನು ಇಂಗ್ಲಿಷಿನಿಂದ ರಷ್ಯನ್ನಿಗೆ ತರುವುದು ನನ್ನ ಕಸುಬು. ಒಪ್ಪಂದಗಳ ಉದ್ದುದ್ದ ವಾಕ್ಯಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಸಿಟ್ಟಿನ ಪದಗಳು. 'ಫ್ಲೌಟ್', 'ಡಿಫೈ', 'ಫ್ಲೇಗ್ರಂಟ್', 'ವಿಲ್‌ಫುಲ್' ಇವೆಲ್ಲ ನಮ್ಮ ವಕೀಲರು ಸಿದ್ಧಪಡಿಸುವ ಅರ್ಜಿಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಕನ್ನಡದವರಿಗೆ ಇವನ್ನು ಬಿಡಿಸಿ ಹೇಳಬೇಕಿಲ್ಲ. ಆದೇಶವನ್ನು ಗಾಳಿಗೆ ತೂರಿದರು, ಕ್ಯಾರೇ ಅನ್ನಲಿಲ್ಲ, ರಾಜಾರೋಷವಾಗಿ ನಿಯಮ ಮುರಿದರು ಎಂದು ನಮ್ಮ ಪತ್ರಿಕೆಗಳು ಬರೆಯುತ್ತಲೇ ಇರುತ್ತವೆ. ಎಲ್ಲರ ಕಣ್ಣೆದುರೇ, ಯಾರ ಹಂಗೂ ಇಲ್ಲದೆ ಎಂಬ ಭಾವ ಆ ಮಾತುಗಳಲ್ಲೇ ಇದೆ.

ರಷ್ಯಾದ ಕಾನೂನಿನಲ್ಲಿ ಇದಕ್ಕೆ ಹತ್ತಿರದ್ದೆಂದು ತೋರುವ ಪದ 'ಜ್ಲೋಸ್ನೊಯೆ'. ಅದರ ಬೇರಿನಲ್ಲಿ ಕೆಡುಕಿನ, ಹಗೆಯ ಅರ್ಥವಿದೆ. ನ್ಯಾಯಾಲಯದ ತೀರ್ಪನ್ನು ಪಾಲಿಸದಿರುವುದರ ಬಗ್ಗೆ ಅಲ್ಲಿನ ಅಪರಾಧ ಸಂಹಿತೆಯ 315ನೇ ಕಲಂ ಇದೇ ಪದವನ್ನು ಬಳಸುತ್ತದೆ. ತೀರ್ಪು ಬಂದ ಮೇಲೂ ದೊಡ್ಡ ಮೊತ್ತದ ಸಾಲ ತೀರಿಸದೆ ನುಣುಚಿಕೊಳ್ಳುವವರ ಬಗೆಗಿನ 177ನೇ ಕಲಮಿನಲ್ಲೂ ಅದೇ ಇದೆ. 'ಫ್ಲೌಟ್' ಇರುವಲ್ಲಿ ಇದನ್ನು ಹಾಕಬಹುದೇ ಎಂದು ಮಾಸ್ಕೋದ ವಕೀಲೆಯೊಬ್ಬರನ್ನು ಕೇಳಿದೆ. ಅವರು ಪದದ ಸುದ್ದಿಯನ್ನೇ ಎತ್ತಲಿಲ್ಲ. "ಆದೇಶ ಪಾಲಿಸುವ ಶಕ್ತಿ ಆತನಿಗಿತ್ತೇ? ಕೋರ್ಟ್ ಅಮೀನರು ಎಚ್ಚರಿಕೆಯ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆಯೇ? ಆ ಕಾಗದ ನಿಮ್ಮ ಹತ್ತಿರ ಇದೆಯೇ?" ಎಂದರು.

ಆ ಪ್ರಶ್ನೆಗಳಿಂದ ನಾನು ಕಲಿತದ್ದು ಯಾವ ನಿಘಂಟಿನಲ್ಲೂ ಸಿಕ್ಕಿರಲಿಲ್ಲ. ನಮ್ಮ ವಕೀಲರು ಬರೆದದ್ದು ಎದುರಾಳಿಯ ನಡತೆಯ ವರ್ಣನೆ. ರಷ್ಯನ್ನಿನಲ್ಲಿ 'ಜ್ಲೋಸ್ನೊಯೆ' ಎಂದು ಬರೆದೊಡನೆ ಅದು ರುಜುವಾತು ಮಾಡಲೇಬೇಕಾದ ಆರೋಪವಾಗುತ್ತದೆ. ಅಲ್ಲಿನ ಶಾಸಕರಿಗೂ ಈ ಪದದ ತೊಡಕು ತಟ್ಟಿದೆ. ಮಕ್ಕಳ ಜೀವನಾಂಶ ಕೊಡದವರ ಬಗೆಗಿನ 157ನೇ ಕಲಮಿನಿಂದ 2016ರಲ್ಲಿ ಅದನ್ನು ತೆಗೆದರು. ಅದರ ಬದಲು 'ಪದೇಪದೇ' ಎಂಬ ಅರ್ಥದ ಪದ ಬಂತು. ಹೀಗೆಂದರೇನು ಎಂಬುದನ್ನೂ ಕಾನೂನೇ ಹೇಳುತ್ತದೆ: ಅದೇ ತಪ್ಪಿಗೆ ಮೊದಲೊಮ್ಮೆ ಆಡಳಿತಾತ್ಮಕ ದಂಡನೆಗೆ ಗುರಿಯಾಗಿದ್ದೂ ಮತ್ತೆ ಕೊಡದಿರುವುದು. ದುಷ್ಟತನವನ್ನು ಅಳೆಯುವುದು ಕಷ್ಟ, ಹಿಂದಿನ ದಂಡನೆಯನ್ನು ಕಡತ ತೆಗೆದು ತೋರಿಸಬಹುದು. ಈ ಬದಲಾವಣೆ ನನಗೆ ತುಂಬ ನ್ಯಾಯವಾಗಿ ಕಾಣುತ್ತದೆ.

ಎಲ್ಲಕ್ಕಿಂತ ಜಟಿಲವಾದದ್ದು ನ್ಯಾಯಾಂಗ ನಿಂದನೆ. ನಮ್ಮ 1971ರ ಕಾಯ್ದೆಯಲ್ಲಿ ಅದಕ್ಕೆ ಎರಡು ಮುಖ. ತೀರ್ಪನ್ನು ಬೇಕೆಂದೇ ಪಾಲಿಸದಿರುವುದು ಸಿವಿಲ್ ನಿಂದನೆ. ನ್ಯಾಯಾಲಯಕ್ಕೆ ಕಳಂಕ ಹಚ್ಚುವುದು, ವಿಚಾರಣೆಗೆ ಅಡ್ಡಿಪಡಿಸುವುದು ಮುಂತಾದವು ಕ್ರಿಮಿನಲ್ ನಿಂದನೆ. ರಷ್ಯನ್ನಿನಲ್ಲಿ ಸಿದ್ಧವಾಗಿರುವ ಪದಗುಚ್ಛ 'ನೆಉವಝೇನಿಯೆ ಕ್ ಸುದೂ', ಅಂದರೆ ನ್ಯಾಯಾಲಯಕ್ಕೆ ಅಗೌರವ. ಆದರೆ ಆ ಹೆಸರಿನ 297ನೇ ಕಲಂ ಹೇಳುವುದು ವಿಚಾರಣೆಯಲ್ಲಿ ಭಾಗಿಯಾದವರನ್ನು, ನ್ಯಾಯಾಧೀಶರನ್ನು ಅವಮಾನಿಸುವುದರ ಬಗ್ಗೆ. ನಮ್ಮ ಸಿವಿಲ್ ನಿಂದನೆಗೆ ಆ ಹೆಸರು ಅಂಟಿಸಿದರೆ, ಹಣ ಕಟ್ಟದ ಕಂಪನಿಯ ನಿರ್ದೇಶಕ ನ್ಯಾಯಾಧೀಶರನ್ನು ಬೈದನೆಂದು ಅಲ್ಲಿನ ಓದುಗರು ತಿಳಿಯುತ್ತಾರೆ. ಆದ್ದರಿಂದ 'ಉದ್ದೇಶಪೂರ್ವಕವಾಗಿ ತೀರ್ಪು ಪಾಲಿಸದಿರುವುದು' ಎಂದು ಬಿಡಿಸಿ ಬರೆದು, ಭಾರತದ ಕಾಯ್ದೆಯ ಹೆಸರನ್ನೂ ವರ್ಷವನ್ನೂ ಪಕ್ಕದಲ್ಲೇ ಕೊಡುತ್ತೇನೆ.

ಉಳಿದ ಪದಗಳು ಇಷ್ಟು ಸತಾಯಿಸುವುದಿಲ್ಲ. 'ಫ್ಲೇಗ್ರಂಟ್'ಗೆ 'ಗ್ರೂಬೊಯೆ' ಬಹುಮಟ್ಟಿಗೆ ಹೊಂದುತ್ತದೆ. ಆದರೂ ಕಾರ್ಮಿಕ ಕಾನೂನಿನಲ್ಲಿ ಎಚ್ಚರ ಬೇಕು. ಸಕಾರಣವಿಲ್ಲದೆ ಒಂದು ಪಾಳಿಯಲ್ಲಿ ಸತತ 4 ಗಂಟೆಗಿಂತ ಹೆಚ್ಚು ಗೈರಾದರೂ ಅದು ಅಲ್ಲಿ 'ಗ್ರೂಬೊಯೆ' ಉಲ್ಲಂಘನೆಯೇ, ಕೆಲಸದಿಂದ ತೆಗೆದುಹಾಕಲು ಅಷ್ಟು ಸಾಕು. 'ಡಿಫೈ'ಗೆ ಬಳಸುವ 'ನೆಪೊವಿನೊವೇನಿಯೆ' ಕೇಳಿದರೆ ಅಲ್ಲಿನವರಿಗೆ ಪೊಲೀಸರ ಆದೇಶ ಮೀರಿದವರು ನೆನಪಾಗುತ್ತಾರೆ.

ಹಾಗೆಂದು ಸಿಟ್ಟನ್ನೆಲ್ಲ ತೊಳೆದುಹಾಕಿ 'ಪಾಲಿಸಲಿಲ್ಲ' ಎಂದಷ್ಟೇ ಬರೆಯಲು ನನಗೆ ಮನಸ್ಸಾಗದು. ತೀರ್ಪು ಕೈಯಲ್ಲಿದ್ದೂ ಹಣ ಕಾಣದ ಕಕ್ಷಿದಾರನ ಸಂಕಟ ನಿಜವಾದದ್ದು, ಅದು ಓದುವವರಿಗೆ ತಲುಪಬೇಕು. ಹಾಗಾಗಿ 'ಫ್ಲೌಟ್' ಬಂದಲ್ಲೆಲ್ಲ ಕೆಲಸ ಕೊಟ್ಟ ವಕೀಲರನ್ನು ಕೇಳುತ್ತೇನೆ: ಆದೇಶ ಎದುರಾಳಿಯ ಕೈಗೆ ಯಾವ ದಿನ ಸಿಕ್ಕಿತು, ಆಮೇಲೆ ಅವರು ಮಾಡಿದ್ದೇನು, ಯಾರ ಮುಂದೆ ಮಾಡಿದರು? ಉತ್ತರ ಸಿಕ್ಕರೆ, ಅವರ ಒಪ್ಪಿಗೆ ಪಡೆದು ಅರ್ಜಿಗೆ ತಾರೀಖುಗಳನ್ನೂ ಸೇರಿಸುತ್ತೇನೆ, 'ಬಹಿರಂಗವಾಗಿ' ಎಂಬರ್ಥದ 'ಒತ್ಕ್ರಿತೊ' ಪದವನ್ನೂ ಬಳಸುತ್ತೇನೆ. 'ಜ್ಲೋಸ್ನೊಯೆ' ಬೇಕೇ ಬೇಡವೇ ಎಂಬ ತೀರ್ಮಾನವನ್ನು ಮಾಸ್ಕೋದ ವಕೀಲರಿಗೆ ಬಿಡುತ್ತೇನೆ.